"ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್" ಅಂದ್ರೆ ಸಮಾಧಾನದ ಮಾತಾ, ಕೆಟ್ಟ ಸುದ್ದಿಯಾ?

ಪ್ರಶ್ನೆ ಕೇಳಿದವರು: ಕಾಫಿಹೂ

ನಮಸ್ಕಾರ. ನನ್ನ ಊರು ಸಕಲೇಶಪುರದ ಹತ್ರ. ನರ್ಸಿಂಗ್ ಓದಿದ್ದು ಹಾಸನದಲ್ಲಿ. ಈಗ ಮೂರು ವರ್ಷದಿಂದ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ಕೆಲಸ. ಇಂಗ್ಲಿಷ್ ಬರಲ್ಲ ಅಂತ ಅಂದುಕೊಳ್ಳಬೇಡಿ. ಇಲ್ಲಿಗೆ ಬರೋಕೆ ಓಇಟಿ ಅಂತ ನರ್ಸು, ಡಾಕ್ಟರುಗಳಿಗೆ ಇರೋ ಇಂಗ್ಲಿಷ್ ಪರೀಕ್ಷೆ ಬರೆದು ಒಂದೇ ಸಲಕ್ಕೆ ಬಿ ಗ್ರೇಡ್ ತಗೊಂಡಿದೀನಿ. ಆ ಪರೀಕ್ಷೇಲಿ ರೋಗಿಯ ಮನೆಯವರ ಪಾರ್ಟು ಹಾಕ್ಕೊಂಡು ಒಬ್ಬರು ಎದುರಿಗೆ ಕೂತಿರ್ತಾರೆ, ಅವರಿಗೆ ಸಮಾಧಾನ ಹೇಳಬೇಕು. ಹೇಳಿದೆ, ಪಾಸಾದೆ. ನಿಜವಾದ ಮನೆಯವರ ಹತ್ರ ಮಾತಾಡುವಾಗ ಎಡವಿದೆ.

ನಡೆದದ್ದು ಇಷ್ಟು. ನಮ್ಮಲ್ಲಿ 91 ವರ್ಷದ ಒಬ್ಬ ಅಜ್ಜಿ ಇದಾರೆ. (ಇಲ್ಲಿ "ರೆಸಿಡೆಂಟ್" ಅನ್ನಬೇಕು. ಬಾಯಲ್ಲಿ ಹಾಗೇ ಅಂತೀನಿ, ಮನಸ್ಸಲ್ಲಿ ಅಜ್ಜಿನೇ.) ಜನವರಿಯಲ್ಲಿ ಎದೆಗೆ ಸೋಂಕಾಗಿತ್ತು. ಇಲ್ಲಿ ನ್ಯೂಸ್-2 ಅಂತ ಒಂದು ಲೆಕ್ಕ ಇದೆ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ ಆರನ್ನೂ ನೋಡಿ ಅಂಕ ಹಾಕೋದು, 5 ಮುಟ್ಟಿದ್ರೆ ತಡ ಮಾಡದೆ ಡಾಕ್ಟರಿಗೆ ಹೇಳೋದು. ಅಜ್ಜಿದು 5ಕ್ಕೆ ಹೋಗಿತ್ತು. ಆಂಟಿಬಯೋಟಿಕ್ ಶುರುವಾಗಿ ಆರನೇ ದಿನ ಜ್ವರ ಬಿಟ್ಟು, ಅಂಕ 1ಕ್ಕೆ ಬಂತು. ರಾತ್ರಿ ಒಂಬತ್ತಕ್ಕೆ ಮಗಳ ಫೋನು. "ಹೌ ಈಸ್ ಮಮ್?" ನಾನು ಖುಷಿಯಲ್ಲಿದ್ದೆ. "ಡೋಂಟ್ ವರಿ, ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್" ಅಂದುಬಿಟ್ಟೆ.

ನನ್ನ ತಲೇಲಿ ಇದ್ದದ್ದು ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ನಮ್ಮ ತೋಟದಿಂದ ಸ್ಕೂಲಿಗೆ ಹೋಗೋಕೆ ಒಂದು ದಿಬ್ಬ ದಾಟಬೇಕಿತ್ತು. ಏರಲ್ಲಿ ಇಳಿದು ತಳ್ಳಬೇಕು, ಏದುಸಿರು ಬರೋದು. ದಿಬ್ಬದ ನೆತ್ತಿ ಮುಟ್ಟಿ ಹತ್ತಿ ಕೂತರೆ ಸ್ಕೂಲ್ ಗೇಟಿನವರೆಗೂ ಪೆಡಲ್ ತುಳಿಯೋ ಹಂಗಿಲ್ಲ. ಕಷ್ಟದ್ದು ಮುಗೀತು, ಇನ್ನೆಲ್ಲ ಸಲೀಸು ಅಂತ ಹೇಳಿದೆ ಅಂದುಕೊಂಡೆ.

ಫೋನಲ್ಲಿ ಒಂದು ಕ್ಷಣ ಮೌನ. ಆಮೇಲೆ "ಐಲ್ ಕಮ್ ನೌ" ಅಂತ ಕಟ್ ಆಯ್ತು. ಯಾಕೆ ಈಗ ಅಂತ ನನಗೆ ಹೊಳೀಲೇ ಇಲ್ಲ. ಹನ್ನೊಂದೂವರೆಗೆ ಎರಡು ಗಂಟೆ ಕಾರು ಓಡಿಸ್ಕೊಂಡು ಬಂದ್ರು. ನೈಟಿ ಮೇಲೆ ಕೋಟು, ಕೈಯಲ್ಲಿ ಬಟ್ಟೆ ಬ್ಯಾಗು. ರೂಮಿನ ಬಾಗಿಲು ತೆಗೆದ್ರೆ ಅಜ್ಜಿ ದಿಂಬಿಗೊರಗಿ ಹಾರ್ಲಿಕ್ಸ್ ಕುಡೀತಿದಾರೆ. ಮಗಳನ್ನ ನೋಡಿ "ಈ ಹೊತ್ತಲ್ಲಿ ನಿಂಗೇನು ಕೆಲಸ ಇಲ್ಲಿ?" ಅಂದ್ರು. ಮಗಳು ಅತ್ರು, ನಕ್ರು, ಆಮೇಲೆ ನನ್ನ ಮೇಲೆ ರೇಗಿದ್ರು. ಮೂರಕ್ಕೂ ಅವರಿಗೆ ಹಕ್ಕಿತ್ತು. ಮಾರನೇ ದಿನ ಮ್ಯಾನೇಜರ್ ಕರೆದು, ಬೈಲಿಲ್ಲ, "ಮೈಂಡ್ ಯುವರ್ ಇಡಿಯಮ್ಸ್, ಲವ್" ಅಂದ್ರು. ಬೈದಿದ್ರೇ ವಾಸಿ ಇತ್ತು.

ಆದ್ರೆ ನಾನು ಈಗ ಬರೀತಿರೋದು ಆ ಮುಜುಗರಕ್ಕಲ್ಲ. ಈಗ ಮಾರ್ಚ್. ಅಜ್ಜಿ ನಿಜವಾಗ್ಲೂ ಇಳೀತಿದಾರೆ. ಸೋಂಕಿಲ್ಲ, ಜ್ವರ ಇಲ್ಲ, ಅಂಕ ಕೂಡ ಸರಿಯಾಗೇ ಇದೆ. ಬೆಳಿಗ್ಗೆ ಟೋಸ್ಟ್‌ಗೆ ಅಂಚಿನವರೆಗೂ ಬೆಣ್ಣೆ ಸವರಿಕೊಂಡು ತಿನ್ನೋರು. ಈಗ ತುತ್ತು ಕೆನ್ನೆ ಒಳಗೇ ಉಳಿಯುತ್ತೆ, ನಾನು ಬೆರಳು ತೋರಿಸಿ ನೆನಪಿಸಬೇಕು. ಮದುವೆ ಉಂಗುರ ಬೆರಳಿಂದ ಜಾರ್ತಿತ್ತು ಅಂತ ಮಗಳೇ ಹೋದ ತಿಂಗಳು ಅದಕ್ಕೆ ನೀಲಿ ಉಲ್ಲನ್ ದಾರ ಸುತ್ತಿ ಹೋದ್ರು. ನಮ್ಮೂರಲ್ಲೂ ಹಂಗೇ ಅಲ್ವಾ ಸುತ್ತೋದು? ಈ ವಾರ ದಾರ ಸಮೇತ ಜಾರಿ ಬೆಡ್‌ಶೀಟಲ್ಲಿ ಸಿಕ್ತು.

ಡ್ಯೂಟಿ ಬದಲಾಗುವಾಗ ಇಲ್ಲಿನವರು ಹೇಳೋದು ಕೇಳಿ: "ಶೀಸ್ ಗಾನ್ ಡೌನ್‌ಹಿಲ್ ಸಿನ್ಸ್ ಟ್ಯೂಸ್‌ಡೇ." "ಶೀಸ್ ಗೋಯಿಂಗ್ ಆಫ್." "ಬಿಟ್ ಪೂರ್ಲಿ." "ಫೇಲಿಂಗ್." "ಆನ್ ಹರ್ ಲಾಸ್ಟ್ ಲೆಗ್ಸ್, ಬ್ಲೆಸ್ ಹರ್." ಅವರವರಿಗೆ ಅರ್ಥ ಆಗುತ್ತೆ. ಯಾವುದು ಎಷ್ಟು ಗಂಭೀರ, ಯಾವುದು ಸ್ಟಾಫ್ ರೂಮಿಗೆ ಮಾತ್ರ, ಯಾವುದು ಮನೆಯವರ ಮುಂದೆ ಆಡಬಹುದು, ನನಗೆ ತಿಳೀತಿಲ್ಲ. ಭಾನುವಾರ ಮಗಳು ಬರ್ತಾರೆ. "ಹೌ ಈಸ್ ಮಮ್?" ಅಂತ ಕೇಳೇ ಕೇಳ್ತಾರೆ. ಈ ಸಲ ನಿಜವಾಗ್ಲೂ ಇಳಿಜಾರು ಅಂತ ಹೇಳಬೇಕು, ಆದ್ರೆ ಆ ಪದ ಆಗ್ಲೇ ಸುಟ್ಕೊಂಡಿದೀನಿ. ಏನು ಹೇಳ್ಲಿ?

---

ಉತ್ತರ: ನಿವೃತ್ತ_ಮಾಸ್ತರ (ಧಾರವಾಡ)

ತಂಗಿ, ಮೊದಲ ಒಂದು ಮಾತು. ನೀ ತಪ್ಪು ಇಂಗ್ಲಿಷ್ ಆಡಿಲ್ಲ. ಮೂವತ್ತು ವರ್ಷ ಕಾಲೇಜಿನ್ಯಾಗ ಇಂಗ್ಲಿಷ್ ಕಲಿಸೇನಿ, ಆ ಸೈಕಲ್ಲಿನ ಅರ್ಥ ಖರೇನ ಅದ. ಏರು ಮುಗಿದು ಇನ್ನ ಹಗುರ ಅನ್ನೂದಕ್ಕೂ ಅದೇ ಮಾತು, ಇನ್ನ ಎಲ್ಲಾ ಕೆಡತದ ಅನ್ನೂದಕ್ಕೂ ಅದೇ ಮಾತು. ಇಂಗ್ಲಿಷರ ಸೈತ ಅದರಾಗ ಎಡವತಾರ, ಬೇಕಂತ ಚ್ಯಾಷ್ಟಿನೂ ಮಾಡತಾರ. ನಲವತ್ತು ತುಂಬಿದವರ ಹುಟ್ಟುಹಬ್ಬಕ್ಕ ಇದನ್ನ ಹೇಳಿ ನಗತಾರ.

ಒಂದು ಗುರುತು ಇಟ್ಕೋ. "ಗೋ" ಸೇರಿತಂದ್ರ, ಅಂದ್ರ "ಗಾನ್ ಡೌನ್‌ಹಿಲ್", "ಗೋಯಿಂಗ್ ಡೌನ್‌ಹಿಲ್" ಅಂತ ಮನಷ್ಯಾಗೋ ಅಂಗಡಿಗೋ ಅಂದ್ರ, ಅದು ಕೆಟ್ಟದ್ದಽ. ಎರಡನೇ ಅರ್ಥ ಇಲ್ಲ. "ಆಲ್ ಡೌನ್‌ಹಿಲ್ ಫ್ರಮ್ ಹಿಯರ್" ಮಾತ್ರ ಎರಡು ಬಾಯಿ ಹಾವು. ನಿನಗ ಜನವರಿಯೊಳಗ ಬೇಕಾಗಿದ್ದದ್ದು "ಶೀಸ್ ಟರ್ನ್ಡ್ ದ ಕಾರ್ನರ್". ಮೂಲಿ ತಿರುಗಿದ್ರು, ಗಂಡಾಂತರ ಕಳೀತು ಅಂತ. ಅಲ್ಲೂ ಹುಷಾರಿರಬೇಕು: "ಟರ್ನ್ ಫಾರ್ ದ ವರ್ಸ್" ಅಂದ್ರ ಉಲ್ಟಾ, "ರೌಂಡ್ ದ ಕಾರ್ನರ್" ಅಂದ್ರ ಸಮೀಪ ಬಂತು. ಗುಡ್ಡದ್ದಂತೂ ಇನ್ನೂ ಮಜಾ ಅದ. "ಓವರ್ ದ ಹಂಪ್" ಅಂದ್ರ ಪಾರಾದ್ರು. "ಓವರ್ ದ ಹಿಲ್" ಅಂದ್ರ ಮುದುಕರಾದ್ರು. ದಿನ್ನಿ ದಾಟಿದ್ರ ಬಚಾವು, ಗುಡ್ಡಾ ದಾಟಿದ್ರ ಮುಗೀತು!

ನಮ್ಮ ಭಾಷಾ ಏನು ಕಡಿಮಿ ಅದ? ಜ್ವರ ಇಳೀತು, ಬಾವು ಇಳೀತು, ವಿಷ ಇಳೀತು, ಸಿಟ್ಟು ಇಳೀತು, ಇವೆಲ್ಲಾ ಛಲೋ ಸುದ್ದಿ. ಅದೇ "ಇಳಿದು ಹೋಗೀಯಲ್ಲೊ" ಅಂದ್ರ ಎದುರಿನವ ಸೊರಗ್ಯಾನ. ಇಳಿಹೊತ್ತು, ಇಳಿವಯಸ್ಸು. ಮುಪ್ಪಿಗೆ ನಾವಽ ಇಳಿಜಾರಿನ ಹೆಸರು ಇಟ್ಟೇವಿ, ಕೇಳೂಮುಂದ ಯಾರಿಗೂ ಚುಚ್ಚೂದಿಲ್ಲ, ಯಾಕಂದ್ರ ಸವೆದು ನುಣುಪಾಗ್ಯದ.

ದಿಕ್ಕಿನ ಮಾತೂ ಹಂಗ. ಇಂಗ್ಲಿಷಿನ್ಯಾಗ, ಅದ್ರಾಗೂ ಅಮೆರಿಕಾದವರ ಬಾಯಾಗ, ಕೆಡೂದಕ್ಕ "ಗೋಯಿಂಗ್ ಸೌತ್". ನಕಾಶೆದಾಗ ದಕ್ಷಿಣ ಕೆಳಗ ಇರತದ, ಅದಕ್ಕ. ನಮಗ ದಕ್ಷಿಣ ಯಮನ ದಿಕ್ಕು, ಹಂಗಾಗಿ ಅರ್ಥ ತಟ್ಟನೆ ಕೂಡತದ. ಆದ್ರ ಕನ್ನಡದ ನಿಜವಾದ ಇಳಿಯೂ ದಿಕ್ಕು ಪಶ್ಚಿಮ. ಮೂಡೂದು ಮೂಡಣ, ಪಡೂದು ಪಡುವಣ. ಹಳಗನ್ನಡದಾಗ ಪಡು ಅಂದ್ರ ಮುಳುಗು, ಬೀಳು.

ನನ್ನ ಸಲಹಾ: ಭಾನುವಾರ ಯಾವ ನುಡಿಗಟ್ಟೂ ಬ್ಯಾಡ. ಗುಡ್ಡ, ಮೂಲಿ, ಗ್ವಾಡಿ ಎಲ್ಲಾ ಬಿಟ್ಟು ನೆಟ್ಟಗ ಮಾತಾಡು.

---

ಉತ್ತರ: ಗೂಳಿ_ಕರಡಿ

ಮಾಸ್ತರೇ, ಶೇರು ಪೇಟೆ ಭಾಷೆ ಬಿಟ್ಟುಬಿಟ್ರಿ. ನಮ್ಮಲ್ಲಿ "ಬೀಳುತ್ತೆ" ಅಂತ ಬೀಳೋ ಮುಂಚೆ ಯಾರೂ ಬಾಯಿ ಬಿಡಲ್ಲ. "ಹೆಡ್‌ವಿಂಡ್ಸ್" ಇದೆ ಅಂತಾರೆ. "ಸಾಫ್ಟ್" ಆಗಿದೆ ಅಂತಾರೆ. ತುದಿಯಿಂದ ಶೇಕಡಾ 10 ಬಿದ್ರೆ "ಕರೆಕ್ಷನ್", ಏನೋ ತಪ್ಪು ತಿದ್ದಿದ ಹಾಗೆ. 20 ಬಿದ್ಮೇಲೆ ಕರಡಿ ಬಂತು ಅಂತ ಒಪ್ಕೊಳ್ತಾರೆ, ಅಷ್ಟೊತ್ತಿಗೆ ನಮ್ಮ ದುಡ್ಡು ಗೋವಿಂದ. ಕನ್ನಡ ಪೇಪರೇ ವಾಸಿ, ಸೀದಾ "ನೆಲಕಚ್ಚಿತು" ಅಂತ ಬರೀತಾರೆ. ಸಿಸ್ಟರ್, ಕ್ಷಮಿಸಿ, ನಿಮ್ಮ ವಿಷಯದ ಮಧ್ಯೆ ತಮಾಷೆ ಮಾಡ್ದೆ. ಅಜ್ಜಿ ನೋವಿಲ್ಲದೆ ಇರಲಿ.

---

ಉತ್ತರ: ಕುಡ್ಲ_ಸಿಸ್ಟರ್

ಮಾರಾಯ್ತಿ, ನಿನ್ನ ಕಥೆ ಓದಿ ನಗು ಬಂತು, ಮತ್ತೆ ಪಾಪ ಅನ್ನಿಸ್ತು. ನಾನು ಇಂಗ್ಲೆಂಡಿಗೆ ಬಂದು 12 ವರ್ಷ ದಾಟಿತು, ಆಸ್ಪತ್ರೆ ವಾರ್ಡಿನಲ್ಲಿ. ನೀನು ಬರೆದ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಯಂಕರದ್ದು ಯಾವುದು ಗೊತ್ತುಂಟಾ? "ಪೂರ್ಲಿ". ಮಗುವಿಗೆ ಶೀತ ಆದ್ರೂ ಇವರಿಗೆ ಪೂರ್ಲಿ. ಅದೇ ಡಾಕ್ಟರ್ ಬಾಯಿಯಲ್ಲಿ, ಬಾಗಿಲು ಹಾಕಿ, ಮೆಲ್ಲ ಸ್ವರದಲ್ಲಿ "ಹೀ ಈಸ್ ವೆರಿ ಪೂರ್ಲಿ" ಅಂತ ಬಂದ್ರೆ, ಉಳಿಯುವುದು ಕಷ್ಟ ಅಂತ ಲೆಕ್ಕ. ಮನೆಯವರು ಶೀತದ ಪೂರ್ಲಿ ಅಂತ ತಿಳ್ಕೊಂಡು ಮನೆಗೆ ಹೋಗಿ ಮಲಗ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

"ಗೋಯಿಂಗ್ ಆಫ್" ಅನ್ನುವುದನ್ನು ಮನೆಯವರ ಎದುರು ಆಡಲೇಬೇಡ. ಇಲ್ಲಿ ಹಾಲು ಕೆಟ್ಟರೂ ಅದೇ ಮಾತು. "ಆಫ್ ಲೆಗ್ಸ್" ಅಂತ ಇನ್ನೊಂದು ಉಂಟು, ನಡೆಯುತ್ತಿದ್ದವರು ಎದ್ದು ನಿಲ್ಲಲಿಕ್ಕೆ ಆಗದಿದ್ರೆ ಹಾಗೆ ಹೇಳುವುದು. ಅದನ್ನೂ "ಲಾಸ್ಟ್ ಲೆಗ್ಸ್" ಅನ್ನೂ ಒಂದೇ ಅಂತ ನಾನು ವರ್ಷಗಟ್ಟಲೆ ತಿಳ್ಕೊಂಡಿದ್ದೆ. ಆಫ್ ಲೆಗ್ಸ್ ಆದವರು ಮೂತ್ರದ ಸೋಂಕಿಗೆ ಮದ್ದು ಕೊಟ್ಟರೆ ಎದ್ದು ನಡೆದುಕೊಂಡು ಮನೆಗೆ ಹೋಗ್ತಾರೆ. "ಲಾಸ್ಟ್ ಲೆಗ್ಸ್" ಹಳೇ ವಾಷಿಂಗ್ ಮೆಷಿನಿಗೆ ಹೇಳುವ ಮಾತು, ಅಜ್ಜಿಗಲ್ಲ.

ಮಾಸ್ತರ್ರು ಗೋಡೆ ಅಂದ್ರಲ್ಲ, "ರೈಟಿಂಗ್ ಆನ್ ದ ವಾಲ್", ಅಂದ್ರೆ ಕೇಡು ಬರುವ ಸೂಚನೆ, ಅದು ನಮ್ಮ ಬೈಬಲಿನದ್ದು. ದಾನಿಯೇಲನ ಗ್ರಂಥದ 5ನೇ ಅಧ್ಯಾಯ. ಬಾಬೆಲಿನಲ್ಲಿ ಅರಸ ಬೇಲ್ಶಚ್ಚರ ಔತಣ ಮಾಡ್ತಾ ಇರುವಾಗ ಒಂದು ಕೈ ಮಾತ್ರ ಕಂಡು ಗೋಡೆಯ ಸುಣ್ಣದ ಮೇಲೆ ಬರೀತದೆ: ಮೆನೇ, ಮೆನೇ, ತೆಕೇಲ್, ಉಫರ್ಸಿನ್. ದಾನಿಯೇಲ ಅರ್ಥ ಹೇಳ್ತಾನೆ: ನಿನ್ನ ರಾಜ್ಯದ ದಿನಗಳನ್ನು ದೇವರು ಎಣಿಸಿ ಮುಗಿಸಿದ್ದಾನೆ. ಆ ರಾತ್ರಿಯೇ ಅರಸ ಸತ್ತ. "ಡೇಸ್ ಆರ್ ನಂಬರ್ಡ್" ಅನ್ನುವುದಕ್ಕೂ ಅದೇ ನೆರಳು. ಹಾಗಾಗಿ ಚರ್ಚಿಗೆ ಹೋಗುವ ಮುದುಕರ ಹತ್ತಿರ ಅದು ಬರೀ ನುಡಿಗಟ್ಟಲ್ಲ, ತೀರ್ಪಿನ ಹಾಗೆ ಕೇಳ್ತದೆ.

ಒಂದು ಒಳ್ಳೆ ಪದ ಕೆಡುವುದನ್ನೂ ನಾನು ಇಲ್ಲಿಯೇ ನೋಡಿದೆ. "ಲಿವರ್‌ಪೂಲ್ ಕೇರ್ ಪಾಥ್‌ವೇ" ಅಂತ ಇತ್ತು, ಕೊನೆ ದಿನಗಳ ಆರೈಕೆ ಹೇಗೆ ಅಂತ ಕ್ರಮ. ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಮನೆಯವರಿಗೆ ಸರಿಯಾಗಿ ಹೇಳದೆಯೇ ಅದಕ್ಕೆ ಸೇರಿಸಿದ್ರು ಅಂತ ದೂರುಗಳು ಬಂದು, 2013ರಲ್ಲಿ ವಿಚಾರಣೆ ಆಗಿ, ಮರುವರ್ಷ ಪೂರಾ ನಿಲ್ಲಿಸಿದ್ರು. ಆಮೇಲೆ ಸ್ವಲ್ಪ ಕಾಲ "ಪಾಥ್‌ವೇ" ಅಂದ್ರೇ ಜನ ಬೆಚ್ಚಿ ಬೀಳ್ತಿದ್ರು, ಸೊಂಟದ ಆಪರೇಷನ್ನಿನದ್ದಾದರೂ!

ಮಾಸ್ತರ್ರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ನೆಟ್ಟಗೆ ಹೇಳು, ಸರಿ. ಆದರೆ ಮೊದಲು ಮಗಳ ಬಾಯಿಯಿಂದ ಬರಲಿ. "ಅಮ್ಮನನ್ನು ನೋಡಿ ನಿಮಗೆ ಏನನ್ನಿಸ್ತದೆ?" ಅಂತ ಕೇಳು. ಅವಳು "ಫೇಡಿಂಗ್" ಅಂದ್ರೆ ನೀನೂ ಫೇಡಿಂಗ್ ಅನ್ನು, "ಸ್ಲಿಪಿಂಗ್ ಅವೇ" ಅಂದ್ರೆ ನೀನೂ ಅದನ್ನೇ ಅನ್ನು. ಅವಳ ತಾಯಿ, ಅವಳ ಭಾಷೆ. ಪದ ಅವಳೇ ಆರಿಸಲಿ.

---

ಉತ್ತರ: ಉಪಶಮನ (ಬೆಂಗಳೂರು)

ನಾನು ಉಪಶಾಮಕ ಚಿಕಿತ್ಸೆಯ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ವೈದ್ಯ. ಒಳ್ಳೆಯ ಚರ್ಚೆ. ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಈ ಮಾತುಗಳೆಲ್ಲ ಒಂದೇ ಇಳಿಜಾರನ್ನು ಹೇಳುತ್ತಿಲ್ಲ.

ನಮ್ಮಲ್ಲಿ ಸ್ಥೂಲವಾಗಿ ಮೂರು ಬಗೆಯ ಇಳಿತ ಗುರುತಿಸುತ್ತಾರೆ. ಕ್ಯಾನ್ಸರಿನಲ್ಲಿ ಎಷ್ಟೋ ಕಾಲ ಓಡಾಡಿಕೊಂಡೇ ಇರುತ್ತಾರೆ, ಕಡೆಯ ಕೆಲವು ವಾರ ಅಥವಾ ತಿಂಗಳಲ್ಲಿ ಸರ್ರನೆ ಇಳಿಯುತ್ತಾರೆ. ಹೃದಯ, ಶ್ವಾಸಕೋಶದ ದೀರ್ಘ ಕಾಯಿಲೆಯಲ್ಲಿ ಬಿದ್ದು ಎದ್ದು, ಬಿದ್ದು ಎದ್ದು. ಪ್ರತಿ ಸಲ ಎದ್ದಾಗಲೂ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ. ಮೂರನೆಯದು ಮುಪ್ಪಿನ ನಿಶ್ಶಕ್ತಿ, ಮರೆವಿನ ಕಾಯಿಲೆ. ಮೊದಲೇ ತಗ್ಗಿನಲ್ಲಿದ್ದದ್ದು ವರ್ಷಗಟ್ಟಲೆ ಸವೆಯುತ್ತಾ ಹೋಗುವುದು. ಇದಕ್ಕೆ ವೈದ್ಯಕೀಯ ಬರಹಗಳಲ್ಲೇ "ಡ್ವಿಂಡ್ಲಿಂಗ್" ಎಂಬ ಪದ ಇದೆ. "ಫೆಲ್ ಆಫ್ ಎ ಕ್ಲಿಫ್" ಮೊದಲನೆಯದಕ್ಕೆ ಒಪ್ಪುತ್ತದೆ, "ನಾಟ್ ಔಟ್ ಆಫ್ ದ ವುಡ್ಸ್" (ಗಂಡಾಂತರ ಇನ್ನೂ ಕಳೆದಿಲ್ಲ) ಎರಡನೆಯದಕ್ಕೆ. ನಿಮ್ಮ ಅಜ್ಜಿಯದು ನೀವು ಬರೆದಂತೆ ಮೂರನೆಯದು. ಅಂಕ ಸರಿಯಾಗೇ ಇದೆ ಎಂದಿರಿ. ಇರುತ್ತದೆ, ಆ ಅಂಕ ಇರುವುದು ಹಠಾತ್ ಕೆಡುವಿಕೆ ಹಿಡಿಯುವುದಕ್ಕೆ. ಸವೆಯುವುದನ್ನು ಹಿಡಿದದ್ದು ಉಂಗುರ.

ಎಷ್ಟು ಕಾಲ ಎಂದು ಕೇಳಿದರೆ, ಒಂದು ಹಳೆಯ ಲೆಕ್ಕವಿದೆ. ಬದಲಾವಣೆ ತಿಂಗಳಿಂದ ತಿಂಗಳಿಗೆ ಕಾಣುತ್ತಿದ್ದರೆ ತಿಂಗಳುಗಳು, ವಾರದಿಂದ ವಾರಕ್ಕೆ ಕಾಣುತ್ತಿದ್ದರೆ ವಾರಗಳು, ದಿನದಿಂದ ದಿನಕ್ಕಾದರೆ ದಿನಗಳು. ನಿಖರವಲ್ಲ, ಆದರೆ ಮನೆಯವರಿಗೆ ಅರ್ಥವಾಗುತ್ತದೆ. "ಐ ಆಮ್ ವರಿಡ್" ಎಂದು ಶುರು ಮಾಡಿ. ಆ ವಾಕ್ಯದಲ್ಲಿ ಗುಡ್ಡವಿಲ್ಲ, ನೀವಿದ್ದೀರಿ. ನಿಮ್ಮ ಡಾಕ್ಟರ ಜೊತೆ ಮೊದಲೇ ಮಾತಾಡಿಕೊಂಡಿರಿ.

ಕನ್ನಡದಲ್ಲಿ ನಾವೂ ಬಳಸಿ ಬಳಸಿಯೇ ಹೇಳುತ್ತೇವೆ. "ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಏನು ಇಷ್ಟವೋ ಕೊಡಿ." "ನೋಡೋರು ಇದ್ರೆ ಬಂದು ನೋಡ್ಕೊಂಡು ಹೋಗ್ಲಿ." ಇದರಲ್ಲಿ ಸಾವು ಎಂಬ ಪದ ಎಲ್ಲೂ ಇಲ್ಲ, ಆದರೂ ಅರ್ಥವಾಗದ ಮನೆ ಕರ್ನಾಟಕದಲ್ಲಿ ನಾನು ಕಂಡಿಲ್ಲ. ರೋಗಿಗಳೇ ಕೆಲವರು "ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ" ಎಂದು ನಗುತ್ತಾ ಹೇಳಿಬಿಡುತ್ತಾರೆ, ನನ್ನ ಕೆಲಸ ಹಗುರ ಮಾಡಿ.

---

ಕಾಫಿಹೂ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಗೂಳಿ ಕರಡಿ ಅವರೇ, ಬೇಜಾರಿಲ್ಲ, ನೈಟ್ ಡ್ಯೂಟೀಲಿ ಓದಿ ನಕ್ಕೆ.

ಭಾನುವಾರ ಆಯ್ತು. ಶನಿವಾರವೇ ಡಾಕ್ಟರ್ ಬಂದು ನೋಡಿ, ಮುಂದೆ ಬೇಕಾಗಬಹುದು ಅಂತ ಇಂಜೆಕ್ಷನ್‌ಗಳನ್ನ ಬರೆದಿಟ್ಟು ಹೋಗಿದ್ರು. ಇಲ್ಲಿ ಅದಕ್ಕೆ "ಜಸ್ಟ್ ಇನ್ ಕೇಸ್" ಅಂತಾರೆ. ಕೊನೆ ದಿನಗಳ ನೋವು, ತಳಮಳಕ್ಕೆ ಅಂತ ಮಾರ್ಫಿನ್, ಮಿಡಜೋಲಾಮ್ ಇರೋ ಪೆಟ್ಟಿಗೆಗೆ, ಮಳೆ ಬಂದ್ರೆ ಇರಲಿ ಅಂತ ಕೊಡೆ ಹಿಡ್ಕೊಂಡ ಹಾಗೆ ಒಂದು ಹೆಸರು. ಇವರ ಭಾಷೆಗೆ ಏನನ್ನೋದು!

ಮಗಳು ಹನ್ನೊಂದಕ್ಕೆ ಬಂದ್ರು. ಉಂಗುರ ಒಂದು ಲಕೋಟೇಲಿ ಹಾಕಿ ಇಟ್ಟಿದ್ದೆ, ಕೊಟ್ಟೆ. ಕುಡ್ಲ ಸಿಸ್ಟರ್ ಹೇಳಿದ ಹಾಗೆ "ನಿಮಗೆ ಏನನ್ನಿಸ್ತಿದೆ" ಅಂತ ಕೇಳೋಕೆ ಬಾಯಿ ತೆರೆಯೋದ್ರೊಳಗೆ ಅವರೇ ಲಕೋಟೆ ಅಲ್ಲಾಡಿಸಿ ನೋಡಿ "ಶೀಸ್ ಫೇಡಿಂಗ್, ಇಸಂಟ್ ಶಿ?" ಅಂದ್ರು. "ಯೆಸ್" ಅಂದೆ. ಆಮೇಲೆ ಉಪಶಮನ ಡಾಕ್ಟರ್ ಇಲ್ಲಿ ಹೇಳಿಕೊಟ್ಟ ಹಾಗೆ "ಐ ಆಮ್ ವರಿಡ್, ಐ ಥಿಂಕ್ ಇಟ್ ಮೇ ಬಿ ವೀಕ್ಸ್" ಅಂದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಲ್ಲಿ ಹೇಳೋದ್ರಲ್ಲಿ ನಾಲಿಗೆ ಒಣಗಿಹೋಗಿತ್ತು.

ಅವರು ತುಂಬ ಹೊತ್ತು ಕಿಟಕಿ ಕಡೆ ನೋಡ್ತಾ ಇದ್ರು. ಆಮೇಲೆ ಕೇಳಿದ್ದು ಅಮ್ಮನ ಬಗ್ಗೆ ಅಲ್ಲ. ಆಗಸ್ಟಿಗೆ ಸ್ಪೇನಿಗೆ ಟಿಕೆಟ್ ಬುಕ್ ಮಾಡಿದೀವಿ, ಕ್ಯಾನ್ಸಲ್ ಮಾಡ್ಲಾ ಅಂತ. ಇದಕ್ಕೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲವಲ್ಲ. ನಮ್ಮೂರ ಡಾಕ್ಟರ ಮಾತೇ ಬಾಯಿಗೆ ಬಂತು. ಆಗಸ್ಟ್ ಯೋಚನೆ ಆಮೇಲೆ ಮಾಡಿ, ಈಸ್ಟರ್ ರಜೆಗೆ ಅಂತ ಕಾಯದೆ ಮುಂದಿನ ವಾರವೇ ಮಕ್ಕಳನ್ನ ಕರ್ಕೊಂಡು ಬನ್ನಿ, ನೋಡ್ಕೊಂಡು ಹೋಗ್ಲಿ ಅಂದೆ. ಇಂಗ್ಲಿಷಲ್ಲೇ ಅಂದೆ. ಅರ್ಥ ಆಯ್ತು.

"ರೈಟ್" ಅಂದ್ರು. ಬ್ಯಾಗಿಂದ ಉಲ್ಲನ್ ಉಂಡೆ ತೆಗೆದು, ಹಳೇ ದಾರ ಬಿಚ್ಚಿ, ಇನ್ನೂ ದಪ್ಪಗೆ ಸುತ್ತಿ ಅಜ್ಜಿ ಬೆರಳಿಗೆ ಹಾಕಿದ್ರು. ಅಜ್ಜಿ ನಿದ್ದೇಲೇ ಕೈ ಮುಷ್ಟಿ ಮಾಡ್ಕೊಂಡ್ರು.

ಮಾಸ್ತರೇ, ಈ "ರೈಟ್"ಗೆ ಎಷ್ಟು ಅರ್ಥ ಇದೆ? ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.